ರಸಿಕಾಶ್ರಯ: ಬೀದರ ಸೀಮೆಯ ಸ್ವತಂತ್ರ ಗಾನದ ಚರಿತ್ರೆ

ಸಂಗೀತದ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಇಬ್ಬರನ್ನೇ ಕುರಿತು ಬರೆಯುತ್ತಾರೆ. ಹಾಡಿದವನು ಒಬ್ಬ, ಹಾಡಿಸಿದವನು ಮತ್ತೊಬ್ಬ. ಗಾಯಕನ ಗುರುಪರಂಪರೆ, ಅವನ ಘರಾಣೆ, ಅವನು ಪಡೆದ ಬಿರುದುಗಳು ಒಂದು ಕಡೆ. ಅವನಿಗೆ ಆಶ್ರಯವಿತ್ತ ಅರಸನ ಔದಾರ್ಯವು ಮತ್ತೊಂದು ಕಡೆ. ಇವೆರಡರ ನಡುವೆ ಕುಳಿತು ಕೇಳಿದವನೊಬ್ಬನಿದ್ದನು. ಅವನ ಮಾತು ಯಾವ ಗ್ರಂಥದಲ್ಲಿಯೂ ವಿಶೇಷವಾಗಿ ಬರುವುದಿಲ್ಲ. ಅವನಿಲ್ಲದಿದ್ದರೆ ಗಾಯಕನು ಹಾಡುತ್ತಿದ್ದನೇ, ಹಾಡಿದರೂ ಆ ಹಾಡು ಮುಂದಿನ ತಲೆಗೆ ಉಳಿಯುತ್ತಿದ್ದಿತೇ ಎಂಬುದನ್ನು ಯಾರೂ ವಿಚಾರಿಸಿದಂತೆ ತೋರುವುದಿಲ್ಲ.

ನಮ್ಮ ಬೀದರ ಸೀಮೆಯ ಮಟ್ಟಿಗಂತೂ ಈ ವಿಚಾರವು ಅತ್ಯವಶ್ಯಕವಾದುದು. ಏಕೆಂದರೆ ಈ ನೆಲದಲ್ಲಿ ದರಬಾರುಗಳು ಬಂದುವು, ಹೋದುವು. ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ದೇವಗಿರಿಯ ಸೇವುಣರು, ಬಹಮನಿಗಳು, ಬರೀದಶಾಹಿಗಳು, ಆದಿಲಶಾಹಿಗಳು, ಮೊಗಲರು, ಕಡೆಗೆ ಹೈದರಾಬಾದಿನ ನಿಜಾಮರು ಆಳಿದರು. ಒಂದೊಂದು ದರಬಾರು ಮುಳುಗಿದಾಗಲೂ ಅದರ ಗಾಯಕರು ಚೆದರಿದರು. ಆದರೆ ಔರಾದ ತಾಲೂಕಿನ ಚಿಂತಾಕಿಯಂತಹ ಗಡಿಯೂರಿನಲ್ಲಿ ಅಮಾವಾಸ್ಯೆಯ ರಾತ್ರಿ ಏಕತಾರಿ ಹಿಡಿದು ಹಾಡುವವರ ಪದವು ಯಾವ ದರಬಾರಿನ ಜೊತೆಗೂ ಮುಳುಗಲಿಲ್ಲ. ಅದಕ್ಕೆ ಜಹಗೀರಿಲ್ಲ, ವರ್ಷಾಸನವಿಲ್ಲ, ಟಿಕೀಟಿನ ಉತ್ಪನ್ನವಿಲ್ಲ. ಹೀಗಿರುವಲ್ಲಿ ಅದನ್ನು ಸಾಕಿದವರು ಯಾರು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

೧

ಮೊದಲು ಶಾಸ್ತ್ರಕಾರರು ಏನು ಹೇಳಿದ್ದಾರೆಂಬುದನ್ನು ನೋಡೋಣ. ಮತಂಗಮುನಿಯು ತನ್ನ ‘ಬೃಹದ್ದೇಶೀ’ ಎಂಬ ಗ್ರಂಥದಲ್ಲಿ ದೇಶೀ ಸಂಗೀತದ ಲಕ್ಷಣವನ್ನು ಹೇಳುವಾಗ ಮೂರು ಅಂಶಗಳನ್ನು ಎತ್ತಿಕೊಂಡಿದ್ದಾನೆ. ಹೆಂಗಸರು, ಮಕ್ಕಳು, ಗೋಪಾಲಕರು, ಅರಸರು ಇವರೆಲ್ಲರೂ ಹಾಡುವಂಥದು ಎಂಬುದು ಮೊದಲನೆಯದು. ತಮ್ಮ ತಮ್ಮ ದೇಶದಲ್ಲಿ ಅನುರಾಗದಿಂದ ಹಾಡುವಂಥದು ಎಂಬುದು ಎರಡನೆಯದು. ತಮ್ಮ ಇಚ್ಛೆಯಿಂದಲೇ ಹಾಡುವಂಥದು ಎಂಬುದು ಮೂರನೆಯದು. ಈ ಮೂರನೆಯ ಅಂಶವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ದೇಶೀ ಎಂದರೆ ಕೀಳಾದುದು, ಮಾರ್ಗವೇ ಮೇಲಾದುದು ಎಂಬ ಭಾವನೆ ಶಾಸ್ತ್ರಾಭ್ಯಾಸಿಗಳಾದ ನಮ್ಮವರಲ್ಲಿ ಬಲವಾಗಿ ಬೇರೂರಿದೆ. ಮತಂಗನ ಮಾತಿನಲ್ಲಾದರೋ ಮೇಲು ಕೀಳಿನ ಸುಳಿವೇ ಇಲ್ಲ; ಇರುವುದು ಸ್ವೇಚ್ಛೆ ಮತ್ತು ಅನುರಾಗಗಳ ಮಾತು. ಅರಸನನ್ನು ಸಹ ಅವನು ಹಾಡುವವರ ಸಾಲಿನಲ್ಲಿ ಗೋಪಾಲಕನ ಪಕ್ಕದಲ್ಲಿ ಕೂರಿಸಿದ್ದಾನೆಯೇ ಹೊರತು ಹಾಡಿಸುವವನ ಪೀಠದಲ್ಲಿ ಕೂರಿಸಿಲ್ಲ. ನಾನು ಇಲ್ಲಿ ‘ಸ್ವತಂತ್ರ ಗಾನ’ವೆಂದು ಕರೆಯುತ್ತಿರುವುದು ಇದನ್ನೇ. ಯಾವನೊಬ್ಬ ಧಣಿಯ ಅಪ್ಪಣೆಗೂ ಕಾಯದೆ, ಯಾವ ಕಂಪನಿಯ ಕರಾರಿಗೂ ಒಳಪಡದೆ, ಒಂದು ಸೀಮೆಯ ಜನರು ತಮಗಾಗಿ ಹಾಡಿ ತಾವೇ ಕೇಳುವ ಗಾನವೇ ಸ್ವತಂತ್ರ ಗಾನ.

ಮತಂಗನ ತರುವಾಯ ನಮ್ಮ ಜಿಲ್ಲೆಯದೇ ಆದ ಒಂದು ಮಹಾಗ್ರಂಥವು ದೊರೆಯುತ್ತದೆ. ಕಲ್ಯಾಣದಿಂದ ೧೧೨೬ರಿಂದ ೧೧೩೮ರವರೆಗೆ ಆಳಿದ ಮೂರನೆಯ ಸೋಮೇಶ್ವರನು ‘ಅಭಿಲಷಿತಾರ್ಥ ಚಿಂತಾಮಣಿ’ ಅಥವಾ ‘ಮಾನಸೋಲ್ಲಾಸ’ವೆಂಬ ವಿಶ್ವಕೋಶವನ್ನು ರಚಿಸಿದನು. ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳುಳ್ಳ ಈ ಕೃತಿಯಲ್ಲಿ ಗೀತವಿನೋದ, ವಾದ್ಯವಿನೋದ, ನೃತ್ಯವಿನೋದಗಳಿಗೆ ಪ್ರತ್ಯೇಕ ಸ್ಥಾನವಿದೆ. ಅವನ ಮಗ ಜಗದೇಕಮಲ್ಲನು ‘ಸಂಗೀತಚೂಡಾಮಣಿ’ಯನ್ನು ಬರೆದನು. ತಂದೆ ಮಕ್ಕಳಿಬ್ಬರೂ ಸಂಗೀತಶಾಸ್ತ್ರಕಾರರಾದ ಅರಮನೆಯೊಂದು ಇಂದಿನ ಬಸವಕಲ್ಯಾಣದಲ್ಲಿದ್ದಿತೆಂಬುದು ನಮಗೆ ಹೆಮ್ಮೆಯ ವಿಷಯವೇ ಸರಿ. ಆದರೆ ನನ್ನ ದೃಷ್ಟಿಯಲ್ಲಿ ಆ ಗ್ರಂಥದ ಹೆಚ್ಚಿನ ಬೆಲೆ ಬೇರೊಂದು ಚಿಕ್ಕ ಮಾತಿನಲ್ಲಿದೆ. ಮಹಾರಾಷ್ಟ್ರದಲ್ಲಿ ಹೆಂಗಸರು ಧಾನ್ಯ ಕುಟ್ಟುವಾಗ ಓವಿಯನ್ನು ಹಾಡುತ್ತಾರೆಂದು ಅರಸನು ಅದರಲ್ಲಿ ದಾಖಲೆ ಮಾಡಿದ್ದಾನೆ. ಒನಕೆಯ ಪೆಟ್ಟೇ ತಾಳವಾದ ಆ ಹಾಡಿಗೆ ಯಾವ ಸಭೆಯೂ ಬೇಕಿರಲಿಲ್ಲ. ಚಕ್ರವರ್ತಿಯು ಅದನ್ನು ಕೇಳಿ ಬರೆದುಕೊಂಡನಲ್ಲದೆ ಅದನ್ನು ಅವನು ಸಾಕಲಿಲ್ಲ. ಅವನ ಸಿಂಹಾಸನವು ಮಣ್ಣುಗೂಡಿ ಶತಮಾನಗಳಾದುವು. ಬೀಸುವ ಕುಟ್ಟುವ ಪದಗಳಾದರೋ ನಮ್ಮ ತಾಯಂದಿರ ಕಾಲದವರೆಗೂ ಮನೆಮನೆಯಲ್ಲಿ ಕೇಳಿಬರುತ್ತಿದ್ದುವು.

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ವನ್ನು ರಚಿಸಿದನು. ಅವನು ಗಾಯಕರಲ್ಲಿ ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವುಕ ಎಂದು ಐದು ಬಗೆಗಳನ್ನು ಹೇಳುತ್ತಾನೆ. ತಾನೇ ರಸಾವಿಷ್ಟನಾಗಿ ಹಾಡುವವನು ಇವರಲ್ಲಿ ರಸಿಕನು. ರಸಿಕನೆಂದರೆ ಬರಿಯ ಶ್ರೋತೃವೆಂದು ನಾವು ತಿಳಿದಿದ್ದೇವೆ. ಶಾರ್ಙ್ಗದೇವನಿಗೆ ಆ ಶಬ್ದವು ಹಾಡುವವನಿಗೂ ಸಲ್ಲುತ್ತದೆ. ಕೇಳುವವನೂ ಹಾಡುವವನೂ ಒಂದೇ ಹೆಸರಿನಿಂದ ಕರೆಯಲ್ಪಡುವಷ್ಟು ಹತ್ತಿರದವರೆಂಬುದು ಇದರಿಂದ ತಿಳಿದುಬರುತ್ತದೆ. ನಮ್ಮ ಭಜನಾಮೇಳಗಳಲ್ಲಿ ಈ ನಂಟು ಎಷ್ಟು ನಿಜವೆಂಬುದನ್ನು ಮುಂದೆ ಕಾಣುವೆವು.

೨

ಸೋಮೇಶ್ವರನು ತೀರಿದ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣಪಟ್ಟಣದಲ್ಲಿ ಬಿಜ್ಜಳನ ಕಾಲದಲ್ಲಿ ಶರಣರು ನೆರೆದರು. ರಾಜನು ಬರೆದ ಲಕ್ಷಣಗ್ರಂಥದ ಊರಿನಲ್ಲಿಯೇ ತಾಳಮಾನಗಳ ಲೆಕ್ಕವನ್ನು ಬದಿಗಿರಿಸಿ ತನ್ನ ಒಲವನ್ನೇ ಹಾಡಿಗೆ ಪ್ರಮಾಣವಾಗಿ ಹಿಡಿದ ಬಸವಣ್ಣನವರ ವಚನವೂ ಹುಟ್ಟಿತು. ಇದು ಶಾಸ್ತ್ರದ ತಿರಸ್ಕಾರವೆಂದು ಕೆಲವರು ಭಾವಿಸಬಹುದು. ನನಗೆ ಹಾಗೆ ತೋರುವುದಿಲ್ಲ. ಮತಂಗನು ಹೇಳಿದ ಸ್ವೇಚ್ಛೆ ಮತ್ತು ಅನುರಾಗಗಳನ್ನೇ ಕನ್ನಡದ ಬಾಯಿಂದ ಮತ್ತೆ ಆಡಿದಂತಿದೆ. ಕಿನ್ನರಿ ನುಡಿಸುತ್ತಿದ್ದ ಕಿನ್ನರಿ ಬ್ರಹ್ಮಯ್ಯನಂತಹ ಶರಣರ ನೆನಪನ್ನು ಪರಂಪರೆಯು ಇಂದಿಗೂ ಕಾಪಾಡಿಕೊಂಡಿದೆ. ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ದಿಕ್ಕುದಿಕ್ಕಿಗೆ ಚೆದರಿದಾಗ ಅವರೊಡನೆ ಹೋದುದು ಅವರ ನುಡಿ ಮತ್ತು ಹಾಡು ಮಾತ್ರ. ಅದು ಉಳಿದದ್ದು ಕೇಳಿದವರ ನೆನಪಿನಲ್ಲಿ.

ಬಹಮನಿ ದೊರೆ ಅಹಮದಶಹನು (೧೪೨೨-೧೪೩೬) ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದನು. ಅಷ್ಟೂರಿನಲ್ಲಿರುವ ಅವನ ಗುಂಬಜದ ಉರುಸಿಗೆ ಮಾಡಿಯಾಳದ ಜಂಗಮರು ಬಂದು ಸೇವೆ ಸಲ್ಲಿಸುವ ಪದ್ಧತಿಯುಂಟು. ಮುಸಲ್ಮಾನರಿಗೆ ಅವನು ವಲಿ; ಹಿಂದೂ ಭಕ್ತರಿಗೆ ಅಲ್ಲಮಪ್ರಭುವಿನ ಸ್ವರೂಪ. ಬರೀದಶಾಹಿಯನ್ನು ಮುಗಿಸಿ ೧೬೧೯ರಲ್ಲಿ ಬೀದರವನ್ನು ವಿಜಾಪುರಕ್ಕೆ ಸೇರಿಸಿಕೊಂಡ ಎರಡನೆಯ ಇಬ್ರಾಹಿಂ ಆದಿಲಶಹನು (೧೫೮೦-೧೬೨೭) ಸ್ವತಃ ಗಾನಪ್ರಿಯನು. ಸರಸ್ವತೀ ಗಣಪತಿಗಳನ್ನು ಸ್ತುತಿಸುವ ದಖನಿ ಭಾಷೆಯ ‘ಕಿತಾಬೆ ನವರಸ’ವು ಅವನ ರಚನೆ. ಜನರು ಅವನನ್ನು ಜಗದ್ಗುರುವೆಂದು ಕರೆದರು. ಆದರೆ ೧೬೫೭ರಲ್ಲಿ ಔರಂಗಜೇಬನು ಬೀದರದ ಕೋಟೆಯನ್ನು ಹಿಡಿದನು. ೧೬೮೬ರಲ್ಲಿ ವಿಜಾಪುರವೂ ಬಿದ್ದಿತು. ನವರಸದ ಗೀತಗಳು ಹಸ್ತಪ್ರತಿಗಳಲ್ಲಿ ಉಳಿದುವು. ಅವನ್ನು ಹಾಡುವ ಧಾಟಿಗಳು ಉಳಿಯಲಿಲ್ಲ. ದರಬಾರಿನ ಸಂಗೀತಕ್ಕೆ ದರಬಾರೇ ಕಿವಿ. ಆ ಕಿವಿ ಮುಚ್ಚಿದೊಡನೆ ಹಾಡು ಕಾಗದದ ಮೇಲೆ ನಿಂತುಹೋಗುತ್ತದೆ.

೩

ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ನಮ್ಮ ಭಾಗದಲ್ಲಿ ತತ್ತ್ವಪದಗಳ ಪ್ರವಾಹವು ತುಂಬಿ ಹರಿಯತೊಡಗಿತು. ಬಿದನೂರಿನಲ್ಲಿ ಹುಟ್ಟಿ ಕಡಕೋಳದಲ್ಲಿ ನೆಲೆನಿಂತ ಮಡಿವಾಳೇಶ್ವರರು ಈ ಪರಂಪರೆಯ ಹಿರಿಯರು. ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ರಾಂಪುರದ ಬಕ್ಕಪ್ಪ, ತೆಲುಗಬಾಳ ರೇವಪ್ಪ, ಕಡ್ಲೇವಾಡ ಸಿದ್ಧಪ್ಪ ಮೊದಲಾದ ಅವರ ಶಿಷ್ಯರು ಬೇರೆ ಬೇರೆ ಜಾತಿ ಮತಗಳಲ್ಲಿ ಹುಟ್ಟಿದವರು. ಧಾರವಾಡದ ಕಡೆಯಲ್ಲಿ ಶಿಶುನಾಳ ಷರೀಫರು (೧೮೧೯-೧೮೮೯) ಗೋವಿಂದಭಟ್ಟರ ಶಿಷ್ಯರಾಗಿ ಹಾಡಿದುದೂ ಹೆಚ್ಚು ಕಡಿಮೆ ಈ ಕಾಲದಲ್ಲಿಯೇ. ನಮ್ಮ ಜಿಲ್ಲೆಯಲ್ಲಿ ಲಾಡವಂತಿಯಲ್ಲಿ ಜನಿಸಿ ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ನೆಲೆಸಿದ ಶ್ರೀ ಮಾಣಿಕಪ್ರಭುಗಳು (೧೮೧೭-೧೮೬೫) ಸಕಲಮತ ಸಂಪ್ರದಾಯವನ್ನು ಸ್ಥಾಪಿಸಿದರು. ಕನ್ನಡ, ಮರಾಠಿ, ಹಿಂದುಸ್ತಾನಿ, ಸಂಸ್ಕೃತ ಮೊದಲಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ದತ್ತಜಯಂತಿಯ ಉತ್ಸವದಲ್ಲಿ ಅಲ್ಲಿ ನಡೆಯುವ ಸಂಗೀತಸೇವೆಯನ್ನು ಕೇಳಲು ಮೂರು ಭಾಷೆಗಳ ಸೀಮೆಯಿಂದಲೂ ಜನರು ಬರುತ್ತಾರೆ. ಬೀದರ ನಗರದ ಗುರುನಾನಕ ಝೀರಾದಲ್ಲಿ ನಡೆಯುವ ಕೀರ್ತನವೂ, ಪಂಢರಪುರಕ್ಕೆ ಹೋಗುವ ದಿಂಡಿಗಳ ಅಭಂಗವೂ, ದರ್ಗೆಗಳ ಕವ್ವಾಲಿಯೂ ಇದೇ ಬಗೆಯವು. ಕೇಳುವವನಿಂದ ಕಾಸು ಬೇಡುವುದಿಲ್ಲ, ಬಂದವನಿಗೆ ಅನ್ನವಿಕ್ಕುತ್ತಾರೆ.

ಇನ್ನು ನಮ್ಮ ಹಳ್ಳಿಗಳ ಭಜನೆಯ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಉಚಿತ. ರಾತ್ರಿಯ ಊಟವಾದ ಮೇಲೆ ಮಠದಲ್ಲಿಯೋ ಹನುಮಂತದೇವರ ಗುಡಿಯ ಕಟ್ಟೆಯ ಮೇಲೆಯೋ ಮೇಳವು ಕೂಡುತ್ತದೆ. ಏಕತಾರಿ, ದಮ್ಮಡಿ, ತಾಳ, ಪೇಟಿ, ಡಗ್ಗಾ ತಬಲಗಳೇ ಸಲಕರಣೆ. ಗಣಪತಿಯ ಸ್ತುತಿ, ಗುರುವಿನ ಸ್ತುತಿಗಳಿಂದ ಮೊದಲಾಗಿ ಬೆಳಗಿನ ಮಂಗಳದವರೆಗೆ ಹಾಡು ಸಾಗುತ್ತದೆ. ಮುಂದಿನವನು ಒಂದು ನುಡಿಯನ್ನು ಹಾಡಿದರೆ ಪಲ್ಲವಿಯನ್ನು ಎಲ್ಲರೂ ಎತ್ತಿಕೊಳ್ಳುತ್ತಾರೆ. ಇಲ್ಲಿ ಸುಮ್ಮನೆ ಕುಳಿತಿರುವವನು ಒಬ್ಬನೂ ಇಲ್ಲ. ಕೇಳಲು ಬಂದವನು ಒಂದು ಗಳಿಗೆಯಲ್ಲಿ ಹಿಮ್ಮೇಳದವನಾಗುತ್ತಾನೆ. ನಾಲ್ಕು ವರ್ಷ ಹಿಮ್ಮೇಳದಲ್ಲಿ ಕುಳಿತವನು ಒಂದು ದಿನ ಮುಂದಿನವನಾಗುತ್ತಾನೆ. ಶಾರ್ಙ್ಗದೇವನು ‘ರಸಿಕ’ ಶಬ್ದದಿಂದ ಸೂಚಿಸಿದ ನಂಟು ಇದೇ.

ಒಂದು ಊರಿನ ಮೇಳದವರು ಮತ್ತೊಂದು ಊರಿಗೆ ಹೋದಾಗ ಸವಾಲು ಜವಾಬು ಹತ್ತುವುದುಂಟು. ಒಬ್ಬರು ಒಗಟಿನ ಪದವನ್ನು ಹಾಡಿದರೆ ಇನ್ನೊಬ್ಬರು ಅದರ ಅರ್ಥವನ್ನೊಡೆಯುವ ಪದವನ್ನು ಹುಡುಕಬೇಕು. ಇಂತಹ ಸಂದರ್ಭದಲ್ಲಿ ಗೆಲುವು ಸೋಲನ್ನು ನಿರ್ಣಯಿಸುವವರು ಕೇಳುಗರು. ಅದಕ್ಕಾಗಿ ಅವರಿಗೆ ನೂರಾರು ಪದಗಳು ಬಾಯಲ್ಲಿರಬೇಕು. ಅಂಕಿತವನ್ನು ಕೇಳಿದೊಡನೆ ಯಾವ ಗುರುವಿನ ಪರಂಪರೆಯೆಂದು ತಿಳಿಯಬೇಕು. ಒಂದು ನುಡಿ ಬಿಟ್ಟುಹೋದರೆ ಅಲ್ಲಿಯೇ ತಡೆದು ಹೇಳಿಕೊಡಬೇಕು. ಅನೇಕರು ಪದಗಳನ್ನು ವಹಿಗಳಲ್ಲಿ ಬರೆದಿರಿಸಿಕೊಳ್ಳುತ್ತಾರೆ. ಕನ್ನಡ ಅಕ್ಷರ ಬಾರದವನು ಬಾಲಬೋಧ ಲಿಪಿಯಲ್ಲಿ ಕನ್ನಡ ಪದವನ್ನು ಬರೆದುಕೊಳ್ಳುವುದೂ ಈ ಗಡಿಯಲ್ಲಿ ಉಂಟು. ಅಂಕಿತದಲ್ಲಿ ಹೆಚ್ಚಾಗಿ ಗುರುವಿನ ಹೆಸರೋ ಊರೋ ಇರುತ್ತದೆಯಾದ್ದರಿಂದ ಪದವು ತನ್ನದೆಂದು ಹಕ್ಕು ಸಾಧಿಸುವವರಿಲ್ಲ. ಬಲ್ಲವನು ಹಾಡಬಹುದು, ಬೇಕಾದವನು ಬರೆದುಕೊಳ್ಳಬಹುದು.

ಈ ಭಜನೆಗಳು ಗಾನದ ಕೆಲಸವೊಂದನ್ನೇ ಮಾಡಲಿಲ್ಲವೆಂಬುದನ್ನೂ ಹೇಳಬೇಕು. ನಿಜಾಮರ ಆಳಿಕೆಯಲ್ಲಿ ಕಚೇರಿಯ ಭಾಷೆಯೂ ಪಾಠಶಾಲೆಯ ಭಾಷೆಯೂ ಉರ್ದುವಾಗಿದ್ದಿತು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (ಲಿಂಗೈಕ್ಯ ೧೯೯೯) ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯು ಜಿಲ್ಲೆಯ ಮನೆಮನೆಗೂ ತಿಳಿದದ್ದೇ. ಆ ಕಾಲದಲ್ಲಿ ಶಾಲೆಯ ಮೆಟ್ಟಲನ್ನೇ ಹತ್ತದ ಒಕ್ಕಲಿಗನಿಗೆ, ಕೂಲಿಯವನಿಗೆ, ಕನ್ನಡದ ಪ್ರೌಢ ಶಬ್ದಗಳನ್ನೂ ವೇದಾಂತದ ಪರಿಭಾಷೆಯನ್ನೂ ಕಿವಿಗೆ ಹಾಕಿದುದು ಭಜನೆಯ ಮೇಳ. ಪಿಂಡಾಂಡ ಬ್ರಹ್ಮಾಂಡ, ಷಟ್ಸ್ಥಲ, ಆರುಚಕ್ರಗಳ ಮಾತನ್ನು ಅಕ್ಷರವರಿಯದವರು ತಡವರಿಸದೆ ಆಡುವುದನ್ನು ಕೇಳಿದವರಿಗೆ ಇದರ ಸತ್ಯವು ಗೊತ್ತಾಗುವುದು. ೧೯೪೮ರ ಸಪ್ಟೆಂಬರ ೧೭ರಂದು ಹೈದರಾಬಾದ ಸಂಸ್ಥಾನವು ವಿಮೋಚನೆ ಹೊಂದಿದಾಗ ಇಲ್ಲಿ ಕನ್ನಡವು ಸಜೀವವಾಗಿದ್ದುದಕ್ಕೆ ಮಠಗಳಷ್ಟೇ ಭಜನೆಗಳೂ ಕಾರಣವೆಂದರೆ ಅತಿಶಯೋಕ್ತಿಯಾಗಲಾರದು.

೪

ಹಿಂದುಸ್ತಾನಿ ಶಾಸ್ತ್ರೀಯ ಸಂಗೀತದ ಗತಿ ಇದಕ್ಕಿಂತ ಭಿನ್ನವಾಗಿದ್ದಿತು. ಅದು ಬಹುಕಾಲ ರಾಜರ ಕೈಯಲ್ಲಿದ್ದ ವಿದ್ಯೆ. ಆದರೆ ಸಂಗೀತವು ದರಬಾರನ್ನು ಬಿಟ್ಟು ಶ್ರೋತೃಗಳ ಮಡಿಲಿಗೆ ಬರುವುದು ಜಗತ್ತಿನ ಇತರ ದೇಶಗಳಲ್ಲಿಯೂ ನಡೆದ ಸಂಗತಿ. ಲಂಡನ್ನಿನಲ್ಲಿ ಬ್ಯಾನಿಸ್ಟರನೆಂಬ ಪಿಟೀಲುಗಾರನು ೧೬೭೨ರಲ್ಲಿ ಹಣ ಕೊಟ್ಟು ಯಾರು ಬೇಕಾದರೂ ಕೇಳಬಹುದಾದ ಕಚೇರಿಗಳನ್ನು ಆರಂಭಿಸಿದನು. ಜರ್ಮನಿಯ ಲೈಪ್ಜಿಗ್ ಪಟ್ಟಣದಲ್ಲಿ ೧೭೪೩ರಲ್ಲಿ ವರ್ತಕರು ಕೂಡಿ ವಾದ್ಯಮೇಳವೊಂದನ್ನು ಸಾಕತೊಡಗಿದರು. ನಮ್ಮಲ್ಲಿ ೧೮೭೪ರಲ್ಲಿ ಪುಣೆಯ ಗಾಯನ ಸಮಾಜವು ಸುಶಿಕ್ಷಿತ ಗೃಹಸ್ಥರಿಂದ ಸ್ಥಾಪಿತವಾಯಿತು. ಮಿರಜಿನಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ಕಲಿತ ವಿಷ್ಣು ದಿಗಂಬರ ಪಲುಸ್ಕರರು (೧೮೭೨-೧೯೩೧) ಸಂಸ್ಥಾನದ ಆಶ್ರಯವನ್ನು ತೊರೆದು ಹೊರಟು, ೧೯೦೧ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸಾರ್ವಜನಿಕರ ಸಹಾಯದಿಂದ ಕಟ್ಟಿದರು. ಗವಾಯಿಯೆಂದರೆ ಧಣಿಯ ಮನೆಯ ಆಳು ಎಂಬ ಭಾವನೆಯನ್ನು ಅಳಿಸಿದ ಪುಣ್ಯವು ಅವರಿಗೆ ಸಲ್ಲಬೇಕು.

ಕನ್ನಡನಾಡಿನಲ್ಲಿ ಇದೇ ಕೆಲಸವನ್ನು ಇನ್ನೂ ತಳಮಟ್ಟದಲ್ಲಿ ಮಾಡಿದವರು ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (೧೮೯೨-೧೯೪೪). ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ವಿದ್ಯೆಯನ್ನು ಪಡೆದ ಅವರು ಕುರುಡ ಬಾಲಕರನ್ನೂ ಅನಾಥರನ್ನೂ ಸಂಗಡ ಕಟ್ಟಿಕೊಂಡು ಊರೂರು ತಿರುಗುತ್ತ ಕಲಿಸಿದರು. ಕೊನೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆನಿಂತರು. ಭಕ್ತರು ತಂದ ಜೋಳದ ಚೀಲವೇ ಆ ವಿದ್ಯಾಲಯದ ಮೂಲಧನ. ಅವರ ಉತ್ತರಾಧಿಕಾರಿಗಳಾದ ಪುಟ್ಟರಾಜ ಗವಾಯಿಗಳು (೧೯೧೪-೨೦೧೦) ನಾಟಕ ಕಂಪನಿಯನ್ನು ನಡೆಸಿ ವಿದ್ಯಾರ್ಥಿಗಳ ಅನ್ನಕ್ಕೆ ದಾರಿ ಮಾಡಿದರು. ಬಸವರಾಜ ರಾಜಗುರುಗಳೂ, ನಮ್ಮ ಭಾಗದ ರಾಯಚೂರು ಜಿಲ್ಲೆಯವರಾದ ಸಿದ್ಧರಾಮ ಜಂಬಲದಿನ್ನಿಯವರೂ ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಶ್ರಾವಣಮಾಸದಲ್ಲಿ ಮಠಗಳಲ್ಲಿ ಪುರಾಣ ಪ್ರವಚನವು ನಡೆಯುವಾಗ ಶಾಸ್ತ್ರಿಗಳ ಪಕ್ಕದಲ್ಲಿ ಒಬ್ಬ ಗವಾಯಿ, ಒಬ್ಬ ತಬಲಜಿ ಇರುವುದು ಉತ್ತರ ಕರ್ನಾಟಕದ ಪದ್ಧತಿ. ಗದುಗಿನ ಆಶ್ರಮದ ಶಿಷ್ಯರು ಈ ದಾರಿಯಿಂದ ಹಳ್ಳಿ ಹಳ್ಳಿಗೂ ಭೀಮಪಲಾಸ, ಜೋಗಿಯಾ, ಭೈರವಿಗಳನ್ನು ಒಯ್ದರು. ರಾಗದ ಹೆಸರನ್ನರಿಯದ ರೈತನು ಸ್ವರವು ತಪ್ಪಿದರೆ ತಲೆಯೆತ್ತಿ ನೋಡುವಷ್ಟು ಕೇಳ್ಮೆಯನ್ನು ಸಂಪಾದಿಸಿದುದು ಹೀಗೆ. ಭಜನೆಯವರೂ ಪುರಾಣದಲ್ಲಿ ಕೇಳಿದ ರಾಗದ ಧಾಟಿಗೆ ತಮ್ಮ ಪದವನ್ನು ಕೂಡಿಸಿದರು.

ರಸಿಕಾಶ್ರಯವೆಂದರೆ ಎಲ್ಲವೂ ಹೂವಿನ ಹಾಸಿಗೆಯೆಂದು ನಾನು ಹೇಳುತ್ತಿಲ್ಲ. ಅರಸನು ಕೊಟ್ಟ ಶಾಲನ್ನು ಜನರು ಕೊಡಲಾರರು. ಗದುಗಿನ ಆಶ್ರಮದಲ್ಲಿ ಹಸಿದ ದಿನಗಳೂ ಇದ್ದುವು. ಅಲ್ಲದೆ ಕೇಳುಗರ ಸಭೆಯಲ್ಲಿಯೂ ಜಾತಿಯ ಗೋಡೆ ಇದ್ದಿತು. ೧೯೨೪ರಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ಸು ನೆರೆದಾಗ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಗಂಗೂಬಾಯಿ ಹಾನಗಲ್ಲರೂ (೧೯೧೩-೨೦೦೯) ಇದ್ದರು. ಊಟವಾದ ಮೇಲೆ ತನ್ನ ಜಾತಿಯನ್ನೆಣಿಸಿ ಎಲೆಯೆತ್ತಿ ಸ್ಥಳ ಸಾರಿಸಲು ಹೇಳುವರೋ ಎಂಬ ಭಯವಿದ್ದಿತೆಂದು ಅವರು ಮುಂದೆ ನೆನೆದುಕೊಂಡರು. ಹಾಡನ್ನು ಮೆಚ್ಚಿ ಹಾಡಿದವಳನ್ನು ಹೊರಗಿರಿಸುವ ಸಭೆಯನ್ನು ರಸಿಕರ ಸಭೆಯೆಂದು ಹೇಗೆ ಕರೆಯೋಣ? ನಾಟ್ಯಶಾಸ್ತ್ರದಲ್ಲಿ ಭರತನು ಪ್ರೇಕ್ಷಕಲಕ್ಷಣವನ್ನು ಹೇಳುತ್ತ, ಪಾತ್ರದ ಸಂತೋಷದಲ್ಲಿ ಸಂತೋಷವನ್ನೂ ಶೋಕದಲ್ಲಿ ಶೋಕವನ್ನೂ ಹೊಂದುವವನೇ ಪ್ರೇಕ್ಷಕನೆಂದಿದ್ದಾನೆ. ಈ ಒರೆಗಲ್ಲಿಗೆ ಹಚ್ಚಿದರೆ ಜಲಾಲಸಾಹೇಬನನ್ನೂ ಕೃಷ್ಣಪ್ಪನನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ ಕಡಕೋಳದ ಮೇಳವು ಪಟ್ಟಣದ ಎಷ್ಟೋ ಸಭೆಗಳಿಗಿಂತ ಮೇಲೆನಿಸುತ್ತದೆ.

೫

ಇಪ್ಪತ್ತನೆಯ ಶತಮಾನದಲ್ಲಿ ಯಂತ್ರಗಳು ಬಂದುವು. ೧೯೦೨ರಲ್ಲಿ ಕಲಕತ್ತೆಯಲ್ಲಿ ಗೌಹರಜಾನಳ ಹಾಡು ತಟ್ಟೆಯ ಮೇಲೆ ಮುದ್ರಿತವಾಯಿತು. ಮಿರಜಿನ ಅಬ್ದುಲಕರೀಮಖಾನರ (೧೮೭೨-೧೯೩೭) ತಟ್ಟೆಗಳು ನಮ್ಮ ಪೇಟೆಗಳ ಅಂಗಡಿಗಳಲ್ಲಿ ಮೊಳಗಿದುವು. ಅಂತಹ ಒಂದು ತಟ್ಟೆಯನ್ನು ಕೇಳಿ ಮರುಳಾದ ಗದುಗಿನ ಬಾಲಕ ಭೀಮಸೇನ ಜೋಶಿಯು ೧೯೩೩ರಲ್ಲಿ ಗುರುವನ್ನರಸಿ ಮನೆ ಬಿಟ್ಟು ಹೊರಟನು. ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ (೧೮೮೬-೧೯೫೨) ಪಾದದ ಬಳಿ ಅವನ ಅಲೆದಾಟವು ನಿಂತಿತು. ಮೊದಲು ರಸಿಕ, ಆಮೇಲೆ ಗಾಯಕ ಎಂಬ ಕ್ರಮಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾಗಿಲ್ಲ. ಮಲ್ಲಿಕಾರ್ಜುನ ಮನಸೂರರು (೧೯೧೦-೧೯೯೨) ತಮ್ಮ ಆತ್ಮಚರಿತ್ರೆಗೆ ‘ನನ್ನ ರಸಯಾತ್ರೆ’ ಎಂದು ಹೆಸರಿಟ್ಟರು. ಕಲ್ಯಾಣದ ಶರಣರ ವಚನಗಳು ಹಿಂದುಸ್ತಾನಿ ರಾಗಗಳಲ್ಲಿ ಅವರ ಕಂಠದಿಂದ ಹೊರಬಿದ್ದು ಮತ್ತೆ ಕಲ್ಯಾಣದ ಸೀಮೆಗೆ ಬಂದುವು.

ರೇಡಿಯೋ ಬಂದಿತು. ಧಾರವಾಡದಲ್ಲಿ ೧೯೫೦ರಲ್ಲಿ, ಕಲಬುರಗಿಯಲ್ಲಿ ೧೯೬೬ರಲ್ಲಿ ಆಕಾಶವಾಣಿ ಕೇಂದ್ರಗಳು ಸ್ಥಾಪಿತವಾದುವು. ಅವುಗಳ ಉಪಕಾರವು ದೊಡ್ಡದು. ಆದರೂ ಯಂತ್ರಕ್ಕೂ ಒಂದು ದರಬಾರಿನ ಸ್ವಭಾವವಿದೆ. ೧೯೪೦ರಲ್ಲಿ ಆಕಾಶವಾಣಿಯವರು ಹಾರ್ಮೋನಿಯಂ ನಮ್ಮ ಶ್ರುತಿಗಳಿಗೆ ಹೊಂದುವುದಿಲ್ಲವೆಂದು ಅದನ್ನು ನಿಷೇಧಿಸಿದರು. ಆ ನಿಷೇಧವು ೧೯೭೧ರವರೆಗೂ ಇದ್ದಿತು. ಮೂರು ದಶಕಗಳ ಕಾಲ ಪೇಟಿಗೆ ಆಕಾಶದಲ್ಲಿ ಸ್ಥಳವಿರಲಿಲ್ಲ. ನಮ್ಮ ಭಜನೆಯ ಕಟ್ಟೆಯ ಮೇಲೆ ಮಾತ್ರ ಅದು ಒಂದು ದಿನವೂ ಮೌನವಾಗಲಿಲ್ಲ. ಅಪ್ಪಣೆ ಕೊಡುವ ಅಧಿಕಾರಿಯಿಲ್ಲದ ಕಡೆ ನಿಷೇಧವೂ ನಡೆಯುವುದಿಲ್ಲ. ಸ್ವತಂತ್ರ ಗಾನವೆಂದರೆ ಏನೆಂಬುದು ಇದೊಂದರಿಂದಲೇ ತಿಳಿಯುವಂತಿದೆ.

೧೯೫೬ರ ನವಂಬರ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಹಳೆಯ ಬೀದರ ಜಿಲ್ಲೆಯಿಂದ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ ಹೋದುವು. ನಾರಾಯಣಖೇಡ, ಜಹೀರಾಬಾದಿನ ಭಾಗಗಳು ಆಂಧ್ರಪ್ರದೇಶಕ್ಕೆ ಸೇರಿದುವು. ಉಳಿದ ಬೀದರವು ಕನ್ನಡನಾಡಿಗೆ ಬಂದಿತು. ಇದರಿಂದ ನಮಗಾದ ಲಾಭವನ್ನು ನಾವು ಮರೆಯಲಾಗದು. ಆದರೆ ಒಂದು ಮೇಳದ ಹಾದಿಯ ಮೇಲೆ ಎರಡು ಗೆರೆಗಳು ಬಿದ್ದುವು. ಚಿಂತಾಕಿಯ ಕಡೆಯ ಭಜನೆಯಲ್ಲಿ ಒಂದೇ ರಾತ್ರಿ ಕನ್ನಡದ ತತ್ತ್ವಪದ, ಮರಾಠಿಯ ಅಭಂಗ, ತೆಲುಗಿನ ತತ್ತ್ವ, ದಖನಿಯ ಒಂದೆರಡು ನುಡಿ ಬರುವುದು ಸಾಮಾನ್ಯ. ಇಂತಹ ಮೇಳವನ್ನು ಯಾವ ರಾಜ್ಯದ ಅಕಾಡೆಮಿಯು ತನ್ನದೆಂದು ಬರೆದುಕೊಳ್ಳಬೇಕು? ಮೂರು ಕಡೆಯವರೂ ಇದು ಪಕ್ಕದವರದೆಂದು ಬಿಟ್ಟರೆ ಅದು ಯಾರ ಪಟ್ಟಿಯಲ್ಲಿಯೂ ಬರುವುದಿಲ್ಲ.

ಮುಂದೆ ಕ್ಯಾಸೆಟ್ಟುಗಳ ಕಾಲ ಬಂದಿತು. ಸಿ. ಅಶ್ವತ್ಥರು (೧೯೩೯-೨೦೦೯) ಷರೀಫರ ಪದಗಳನ್ನು ಹಾಡಿ ನಾಡಿನಾದ್ಯಂತ ಹಬ್ಬಿಸಿದರು. ೧೯೯೦ರಲ್ಲಿ ಷರೀಫರ ಮೇಲೆ ಚಲಚ್ಚಿತ್ರವೂ ಬಂದಿತು. ಕೇಳಿಯೇ ಅರಿಯದ ಮನೆಗಳಿಗೆ ತತ್ತ್ವಪದವು ಹೋದುದು ಆನಂದದ ಸಂಗತಿ. ಆದರೆ ಅದರ ಜೊತೆಗೆ ಒಂದು ಮಾರ್ಪಾಡೂ ಆಯಿತು. ಒಂದು ಪದಕ್ಕೆ ಊರಿಗೊಂದರಂತೆ ಇದ್ದ ಧಾಟಿಗಳು ಹಿಂದೆ ಸರಿದು, ಮುದ್ರಿತವಾದ ಧಾಟಿಯೊಂದೇ ಸರಿಯಾದುದೆಂಬ ಭಾವನೆ ಬಂದಿತು. ಈಗ ಕೈಯೊಳಗಿನ ದೂರವಾಣಿಯಲ್ಲಿಯೇ ಲೋಕದ ಸಂಗೀತವೆಲ್ಲವೂ ದೊರೆಯುತ್ತಿದೆ. ತರುಣರು ಭಜನೆಯನ್ನು ಅದರಲ್ಲಿ ನೋಡಿ ಮೆಚ್ಚುತ್ತಾರೆ. ಕಟ್ಟೆಯ ಮೇಲೆ ಬಂದು ಕೂರುವುದಿಲ್ಲ. ಮೆಚ್ಚುವವರ ಸಂಖ್ಯೆ ಹೆಚ್ಚುತ್ತಿದೆ, ಪಲ್ಲವಿಯನ್ನೆತ್ತಿಕೊಳ್ಳುವವರ ಸಂಖ್ಯೆ ಕುಗ್ಗುತ್ತಿದೆ. ರೋಗದ ಮೂಲವು ಇಲ್ಲಿದೆಯೆಂದು ನನ್ನ ಅಭಿಪ್ರಾಯ. ಹಿಮ್ಮೇಳವಿಲ್ಲದ ಮುಮ್ಮೇಳವು ಎಷ್ಟು ದಿನ ನಿಂತೀತು?

೬

ಸಾರಾಂಶವಿಷ್ಟು: ಅರಸನ ಆಶ್ರಯದಲ್ಲಿ ಸಂಗೀತವು ಎತ್ತರಕ್ಕೆ ಬೆಳೆಯಿತು, ಆದರೆ ಅರಸನೊಡನೆ ಅಳಿಯಿತು. ಯಂತ್ರದ ಆಶ್ರಯದಲ್ಲಿ ಅದು ದೂರಕ್ಕೆ ಹಬ್ಬಿತು, ಆದರೆ ಯಂತ್ರದ ಇಚ್ಛೆಗೆ ಒಳಪಟ್ಟಿತು. ರಸಿಕರ ಆಶ್ರಯದಲ್ಲಿ ಅದು ಬಡತನದಲ್ಲಿದ್ದರೂ ಸ್ವತಂತ್ರವಾಗಿ ಉಳಿಯಿತು. ಈ ಮೂರರಲ್ಲಿ ಒಂದನ್ನು ಆರಿಸಿಕೊಂಡು ಉಳಿದ ಎರಡನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಸರಕಾರದ ಸಹಾಯವೂ ಬೇಕು, ಯಂತ್ರದ ಸಹಾಯವೂ ಬೇಕು. ಆದರೆ ರಸಿಕನಿಲ್ಲದಿದ್ದರೆ ಆ ಎರಡು ಸಹಾಯಗಳೂ ಬೇರಿಲ್ಲದ ಗಿಡಕ್ಕೆ ನೀರೆರೆದಂತೆ.

ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ನಾಡಿನ ತತ್ತ್ವಪದಗಳನ್ನು ಸಂಪುಟಗಳಲ್ಲಿ ಪ್ರಕಟಿಸಿ ಮಹದುಪಕಾರ ಮಾಡಿದೆ. ಆದರೆ ಪುಸ್ತಕದಲ್ಲಿ ಮಾತು ಉಳಿಯುತ್ತದೆ, ಧಾಟಿ ಉಳಿಯುವುದಿಲ್ಲ. ನವರಸದ ಗೀತಗಳಿಗೆ ಒದಗಿದ ಗತಿಯು ನಮ್ಮ ಪದಗಳಿಗೂ ಒದಗಬಾರದೆಂದಿದ್ದರೆ ಈ ಪತ್ರಿಕೆಯನ್ನೋದುವ ಮನೆಗಳವರು ಮೂರು ಕೆಲಸಗಳನ್ನು ಮಾಡಬಹುದಾಗಿದೆ. ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಪದಗಳ ವಹಿಯೇನಾದರೂ ಇದ್ದರೆ ಅದನ್ನು ಗೆದ್ದಲಿಗೆ ಬಿಡದೆ ಹೊರತೆಗೆದು, ಯಾವ ಲಿಪಿಯಲ್ಲಿದ್ದರೂ ಸರಿ, ಪ್ರತಿಮಾಡಿಸಿ ಸಂಘಕ್ಕೆ ತಿಳಿಸಬೇಕು. ಊರಿನ ಹಿರಿಯ ಭಜನಿಕರು ಹಾಡುವ ಧಾಟಿಗಳನ್ನು ದೂರವಾಣಿಯಲ್ಲಿಯೇ ಆಗಲಿ ಧ್ವನಿಮುದ್ರಿಸಿ, ಯಾವ ಊರು, ಯಾವ ಮೇಳ, ಯಾರಿಂದ ಕಲಿತದ್ದು ಎಂಬುದನ್ನು ಜೊತೆಗೆ ಬರೆದಿಡಬೇಕು. ಇವೆರಡಕ್ಕಿಂತಲೂ ಮುಖ್ಯವಾದುದು ಮೂರನೆಯದು: ಬರುವ ಅಮಾವಾಸ್ಯೆಯ ರಾತ್ರಿ ಮಕ್ಕಳನ್ನು ಕರೆದುಕೊಂಡು ಭಜನೆಗೆ ಹೋಗಿ ಕೂರಬೇಕು, ಪಲ್ಲವಿ ಬಂದಾಗ ಸಂಕೋಚಪಡದೆ ದನಿಗೂಡಿಸಬೇಕು.

ಮೊದಲೆರಡು ಕೆಲಸಗಳಿಗೆ ವಿದ್ವಾಂಸರ ನೆರವು ಬೇಕಾದೀತು. ಮೂರನೆಯದಕ್ಕೆ ಒಂದು ಕಂಬಳಿ, ಒಂದು ರಾತ್ರಿಯ ನಿದ್ದೆ, ಇಷ್ಟೇ ಖರ್ಚು.